ಬಾಡಿಗೆ ಕುರ್ಚಿಗಳು

"ಅಕ್ಕನಿಗೆ ಹೇಳಿದ್ರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಾಗ ಅವನು ಒಂದು ಕಾಲಿಗೆ ಸಾಕ್ಸ್ ಏರಿಸಿ, ಅದರ ಜೋಡಿಗಾಗಿ ಮಂಚದ ಕೆಳಗೆ ಬಗ್ಗಿದ್ದ. "ಹೂಂ, ಹೇಳ್ದೆ" ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನಿಜವಾಗಿಯೂ ಹೇಳಿ ಮರೆತುಬಿಟ್ಟಿದ್ದೇನೆಯೇ ಎಂದು ಒಂದು ಕ್ಷಣ ಅವನಿಗೇ ಅನುಮಾನವಾಯಿತು. "ಏನಂದ್ರು?" "ಏನಂತಾಳೆ, ಆಯ್ತು ಬಿಡು ಅಂದ್ಲು." ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡ ಸುಳ್ಳು ಹೇಳುತ್ತಿದ್ದಾನೆಂದು ತಿಳಿಯಲು ಮುಖವೇ ಬೇಕೆಂದೇನಿಲ್ಲ, ಬೆನ್ನು ಸಾಕು. ಅವಳು ಮತ್ತೇನೂ ಕೇಳದೆ, ಬಟ್ಟೆಯ ರಾಶಿಯಿಂದ ಇನ್ನೊಂದು ಸಾಕ್ಸ್ ಹೆಕ್ಕಿ ಅವನ ಕೈಗಿಟ್ಟು ಹೋದಳು. ಬೈದಿದ್ದರೆ ತಾನೂ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು.  ತಿಂಡಿಯನ್ನು ಅಗಿಯದೆ ನುಂಗಿ ಎದ್ದ. ಕನ್ನಡಿಯ ಮುಂದೆ ತಲೆ ಬಾಚುತ್ತ, ಇವತ್ತು ಲಾರಿ ಕೆಟ್ಟು ನಿಲ್ಲಲಿ, ಡ್ರೈವರನಿಗೆ ಜ್ವರ ಬರಲಿ, ಧೋ ಎಂದು ಮಳೆ ಸುರಿಯಲಿ ಎಂದು ಒಂದೊಂದಾಗಿ ಬೇಡಿಕೊಂಡ. ಹೊರಗೆ ಬಿಸಿಲು ಚೆನ್ನಾಗಿ ಕಾಯುತ್ತಿತ್ತು.

ಅವನು ನಗರಸಭೆಯ ಉಪದ್ರವ ವಿಭಾಗದಲ್ಲಿ ಇನ್ಸ್‌ಪೆಕ್ಟರ್. ಯಾರ ಗೋಡೆ ಬೀದಿಗೆ ವಾಲಿದೆ, ಯಾರ ಖಾಲಿ ಸೈಟಿನಲ್ಲಿ ಗಿಡಗಂಟಿ ಬೆಳೆದು ಹಾವು ಸೇರಿದೆ, ಯಾರ ಟೆರೇಸಿನ ಹಳೇ ಟೈರಿನಲ್ಲಿ ಸೊಳ್ಳೆ ಸಂಸಾರ ಹೂಡಿದೆ ಎನ್ನುವುದೇ ಅವನ ಹೊಟ್ಟೆಪಾಡು. ದೂರು ಬಂದರೆ ಹೋಗಿ ನೋಡಬೇಕು, ನಿರ್ಲಕ್ಷಿತ ಆಸ್ತಿ ಎಂದು ಬರೆಯಬೇಕು, ಮುಂದಿನ ಗೇಟಿಗೆ ನೋಟಿಸ್ ಅಂಟಿಸಬೇಕು, ಗಡುವು ಮುಗಿದರೆ ಲಾರಿ ತಂದು ಎಲ್ಲವನ್ನೂ ಎತ್ತಿಸಿ ಊರಾಚೆಯ ಕಸದ ಗುಡ್ಡಕ್ಕೆ ಸಾಗಿಸಬೇಕು. ಆದರೆ ಅವನು ಬರೀ ಅಂಟಿಸಿ ಕೈತೊಳೆದುಕೊಳ್ಳುವ ಪೈಕಿ ಅಲ್ಲ. ಬಾಗಿಲು ತಟ್ಟುತ್ತಿದ್ದ. ತೆರೆಯದಿದ್ದರೆ ಹಿತ್ತಲಿಗೆ ಸುತ್ತುಹಾಕಿ, ಪಕ್ಕದವರನ್ನು ವಿಚಾರಿಸಿ, ಎಲ್ಲಿಂದಲೋ ಫೋನ್ ನಂಬರ್ ಹುಡುಕಿ, "ನೋಡಿ, ಇಷ್ಟು ತೆಗೆಸಿಬಿಡಿ ಸಾಕು, ಉಳಿದದ್ದು ನಾನು ನೋಡ್ಕೋತೀನಿ" ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಉಪದ್ರವದ ಇಲಾಖೆಯಲ್ಲಿ ಇಷ್ಟು ಉಪಕಾರಿ ಯಾಕಯ್ಯಾ ಎಂದು ಆಫೀಸಿನವರು ಗೇಲಿ ಮಾಡುತ್ತಿದ್ದರು. ಇಡೀ ಸರ್ವಿಸಿನಲ್ಲಿ ಒಂದೇ ಒಂದು ಮನೆಗೆ ಅವನು ನಿಯಮದಲ್ಲಿ ಬರೆದ ಹಾಗೆ, ಚಾಚೂ ತಪ್ಪದೆ, ದೊಡ್ಡ ರಸ್ತೆಯ ಕಡೆಗಿನ ಗೇಟಿಗೆ ಅಂಟಿಸಿ ತಿರುಗಿ ನೋಡದೆ ಬಂದಿದ್ದ. ಅದು ಅಕ್ಕನ ಮನೆ. ಆ ಗೇಟು ಅಪ್ಪ ತೀರಿಕೊಂಡಾಗ ತೆರೆದದ್ದೇ ಕೊನೆ. ಅದರ ಒಳಬದಿಗೆ ಬಾಡಿಗೆಯ ಹಳೇ ಕುರ್ಚಿಗಳನ್ನು ಒಟ್ಟಿ ಒಟ್ಟಿ ಈಗ ಗೇಟೇ ಕಾಣುವುದಿಲ್ಲ. ಅಕ್ಕ ಓಡಾಡುವುದು ಪಕ್ಕದ ಓಣಿಯ ಸಣ್ಣ ಬಾಗಿಲಿನಿಂದ. ಅಂಗಡಿ, ನಲ್ಲಿ, ಬಸ್‌ಸ್ಟಾಪು ಎಲ್ಲ ಆ ಕಡೆಗೇ. ದೊಡ್ಡ ರಸ್ತೆಯ ಮುಖ ಅವಳು ನೋಡಿ ಎಷ್ಟು ಕಾಲವಾಯಿತೋ. ಇದನ್ನು ಆ ಊರಿನಲ್ಲಿ ಯಾರಿಗಿಂತಲೂ ಚೆನ್ನಾಗಿ ಬಲ್ಲವನು ಅವನೇ. ಅಂಟಿನ ಬ್ರಷ್ಷನ್ನು ಮೇಲಿನಿಂದ ಕೆಳಕ್ಕೆ ಎಳೆಯುವಾಗ ಕಾಗದದಲ್ಲಿ ಒಂದು ಸುಕ್ಕೂ ಬೀಳಲಿಲ್ಲ.

ವಾರ್ಡು ತಾನು ಕೇಳಿ ತಗೊಂಡದ್ದಲ್ಲ, ಎಂದು ಸ್ಕೂಟರ್ ಓಡಿಸುತ್ತ ಅವನು ತನ್ನ ಕಡೆಯ ವಾದವನ್ನು ಮತ್ತೊಮ್ಮೆ ಜೋಡಿಸಿದ. ಅಲ್ಲಿದ್ದವನಿಗೆ ಬಡ್ತಿ ಬಂತು, ಇವನ ಕುತ್ತಿಗೆಗೆ ಕಟ್ಟಿದರು. ನೆಂಟರ ಮನೆಯಾದರೆ ಫೈಲನ್ನು ಬೇರೆಯವರಿಗೆ ಒಪ್ಪಿಸಬೇಕು, ನಿಜ. ಒಪ್ಪಿಸಬೇಕಾದರೆ ಸಾಹೇಬರ ಮುಂದೆ ನಿಂತು, ಸಾರ್, ಇಡೀ ಓಣಿ ದೂರು ಕೊಟ್ಟಿರುವ ಈ ಮನೆ ನನ್ನ ಅಕ್ಕನದು, ನಾನು ಹುಟ್ಟಿ ಬೆಳೆದದ್ದು ಆ ಕುರ್ಚಿಗಳ ನಡುವೆಯೇ ಎನ್ನಬೇಕು. ಸಾಹೇಬರು ಕನ್ನಡಕ ತೆಗೆದು ಅವನನ್ನು ತಲೆಯಿಂದ ಕಾಲಿನವರೆಗೆ ನೋಡುವುದು, ಆಚೆಯ ಮೇಜಿನಿಂದ ಯಾರೋ ಕೆಮ್ಮುವುದು, ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಾನು ಹೋದೊಡನೆ ಮಾತು ನಿಲ್ಲುವುದು, ಇದನ್ನೆಲ್ಲ ಅವನು ಎಷ್ಟು ಸಲ ಕಲ್ಪಿಸಿಕೊಂಡಿದ್ದನೆಂದರೆ ಅದು ನಡೆದೇಹೋಗಿದೆ ಎನ್ನಿಸುತ್ತಿತ್ತು. ಬೇರೆಯವರಾದರೆ ಅವಳನ್ನು ಗದರಿಸಿಯಾರು, ನಾನಾದರೆ ಮೆತ್ತಗೆ ಮುಗಿಸುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಮೆತ್ತಗೆ ಎಂದರೆ ಇಷ್ಟೇ: ಬೆಳಗಿನ ಹೊತ್ತು ಅಕ್ಕ ಮನೆಯಲ್ಲಿರುವುದಿಲ್ಲ. ಜಿಪ್ಪು ಹಾಕಿದ, ಅಂಚು ಮಡಚಿ ಹೊಲಿದ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಅಂಗಡಿ ಅಂಗಡಿಗೆ ಕೊಟ್ಟುಬರಲು ಹೋಗಿರುತ್ತಾಳೆ. ಅವಳು ವಾಪಸ್ ಬರುವಷ್ಟರಲ್ಲಿ ಅಂಗಳ ಖಾಲಿಯಾಗಿದ್ದರೆ, ಹೇಳಬೇಕಾದ್ದನ್ನು ಅಂಗಳವೇ ಹೇಳುತ್ತದೆ. ಆಮೇಲೆ ತಾನು ಹೋಗಿ, ಅಯ್ಯೋ ಹೌದಾ, ಯಾರು ಬಂದಿದ್ದರು, ನನಗೆ ಯಾರೂ ತಿಳಿಸಲೇ ಇಲ್ಲವಲ್ಲ ಎನ್ನಬಹುದು. ಈ ಮಾತುಗಳನ್ನು ಅವನು ಸಿಗ್ನಲ್ಲಿನಲ್ಲಿ ತುಟಿಯಾಡಿಸಿ ಅಭ್ಯಾಸ ಮಾಡಿದ. ಪಕ್ಕದ ಆಟೋದಲ್ಲಿದ್ದ ಹೆಂಗಸು ಅವನ ಕಡೆ ನೋಡಿ ಮುಖ ತಿರುಗಿಸಿದಳು. ತಾನು ಇಷ್ಟು ನೀಚನೇ ಎಂದು ಅವನಿಗೆ ಭಯವಾಯಿತು.

ಹೇಳಲು ಹೋಗಿರಲಿಲ್ಲ ಎಂದಲ್ಲ. ಒಂದು ಸಂಜೆ ಆಫೀಸಿನಿಂದ ನೇರ ಹೋಗಿದ್ದ. ಅಕ್ಕ ಅಂಗಳದಲ್ಲಿ ಕಾಲು ಚಾಚಿ ಕೂತು, ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಅವಳ ಕೂದಲ ಮೇಲೆಲ್ಲ ತುಕ್ಕಿನ ಕೆಂಪು ಪುಡಿ. "ಬಾರೋ ಗುಂಡ" ಎಂದಳು. ಅವನು ಈಗ ಕಡ್ಡಿಯ ಹಾಗಿದ್ದಾನೆ, ಹೆಂಡತಿ ಬೆಲ್ಟಿಗೆ ಹೊಸ ತೂತು ಕೊರೆಸಿದ್ದಾಳೆ. ಆದರೂ ಅಕ್ಕನಿಗೆ ಅವನು ಗುಂಡನೇ. "ಈ ಸಲ ಹಸಿರು ಬಣ್ಣ ಹೊಡೀತೀನಿ ಕಣೋ. ಆ ಕೆಂಪು ಈಗಿನೋರಿಗೆ ಹಿಡಿಸಲ್ಲ." ಈಗಿನವರಿಗೆ ಯಾವ ಬಣ್ಣದ ಕುರ್ಚಿಯೂ ಬೇಕಾಗಿಲ್ಲ. ಕಲ್ಯಾಣಮಂಟಪಗಳಲ್ಲೇ ಮೆತ್ತೆ ಹಾಕಿದ ಕುರ್ಚಿಗಳಿವೆ, ಬೀದಿಯ ಕಾರ್ಯಕ್ರಮಗಳಿಗೆ ಪ್ಲಾಸ್ಟಿಕ್ಕಿನವು ಬಂದಿವೆ. ಅಪ್ಪನ ಕಾಲದಲ್ಲಿ ಊರಿನ ಯಾವ ಮದುವೆ, ಯಾವ ಸಾವು, ಯಾವ ಶಾಲೆಯ ವಾರ್ಷಿಕೋತ್ಸವವೂ ಈ ಅಂಗಳದ ಕುರ್ಚಿಗಳಿಲ್ಲದೆ ನಡೆಯುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅಕ್ಕ ಅದನ್ನು ನಡೆಸಿದಳು, ಆ ಬಾಡಿಗೆಯಲ್ಲೇ ಅವನನ್ನು ಓದಿಸಿದಳು. ಬಾಡಿಗೆ ನಿಂತ ಮೇಲೂ ಎಲ್ಲೆಲ್ಲೋ ಮೂಲೆಗೆ ಬಿದ್ದಿದ್ದ ಕುರ್ಚಿಗಳನ್ನು, ಇದು ನಮ್ಮದೇ, ಬೆನ್ನಿಗೆ ಹಳದಿ ಪಟ್ಟಿ ನೋಡು ಎಂದು ಹೊತ್ತು ತಂದು ಪೇರಿಸಿದಳು. ಹಳದಿ ಪಟ್ಟಿ ಇಲ್ಲದವೂ ಅದರಲ್ಲಿ ಸೇರಿಕೊಂಡವು. ಮಳೆಯ ನೀರು ಸೀಟುಗಳ ಗುಣಿಯಲ್ಲಿ ನಿಂತಿತು, ಅಡಿಯಲ್ಲಿ ಇಲಿ, ನಡುವೆ ಬಳ್ಳಿ. ಇದೆಲ್ಲ ಅವನ ಕಣ್ಣೆದುರೇ ಇತ್ತು. ಅಕ್ಕ ಚಹಾ ಕೊಟ್ಟಳು. "ನಿಮ್ಮ ಆಫೀಸಿನಲ್ಲಿ ಅದೆಷ್ಟು ಫಂಕ್ಷನ್ ಮಾಡ್ತಾರೆ, ಪೇಪರಿನಲ್ಲಿ ಬರುತ್ತೆ. ಒಂದು ಮಾತು ಹಾಕಬಾರದೇನೋ?" ಅವನು ಲೋಟದೊಳಗೆ ನೋಡುತ್ತ "ನೋಡೋಣ" ಎಂದ. ಹೇಳಲು ಬಂದವನು ನೋಡೋಣ ಎಂದು ಎದ್ದುಬಂದ.

ಲಾರಿ ಕೆಟ್ಟಿರಲಿಲ್ಲ. ಆಫೀಸಿನ ಕಸದ ಗಾಡಿಗಳೆಲ್ಲ ಬೇರೆ ಕಡೆ ಹೋಗಿದ್ದರಿಂದ ಕಂಟ್ರಾಕ್ಟರನು ಎಲ್ಲಿಂದಲೋ ಒಂದು ಮಾಮೂಲಿ ಸಾಮಾನಿನ ಲಾರಿ ಹಿಡಿದು ತಂದಿದ್ದ, ಜೊತೆಗೆ ಆಳುಗಳು. ಕಂಟ್ರಾಕ್ಟರನು ಹೊಸಬ, ಅತಿ ಉತ್ಸಾಹದವನು, ಪ್ರತಿ ಮಾತಿಗೂ ಎರಡೆರಡು ಸಲ ಸಾರ್ ಹಾಕುತ್ತಿದ್ದ. ದೊಡ್ಡ ರಸ್ತೆಯ ಗೇಟು ಅಲುಗಲಿಲ್ಲ. ಬಿಸಿಲಿಗೆ ಬಿಳಿಚಿ ಹೋಗಿದ್ದ ನೋಟಿಸಿನ ಕಡೆ ಕಂಟ್ರಾಕ್ಟರನು ಒಮ್ಮೆ ಕಣ್ಣುಹಾಯಿಸಿ, "ಈ ಕಡೆಯಿಂದ ಆಗಲ್ಲ ಸಾರ್, ಓಣಿಯ ಬಾಗಿಲಿಗೇ ಹಚ್ಚೋಣ ಸಾರ್" ಎಂದ. ನೋಟಿಸಿಗೆ ಬೇಡವಾದ ಬಾಗಿಲು ಲಾರಿಗೆ ಬೇಕಾಯಿತು. ಲಾರಿ ಹಿಮ್ಮುಖವಾಗಿ ಓಣಿಯೊಳಗೆ ಬರುವಾಗ ಎರಡೂ ಕಡೆಯ ಮನೆಯವರು, ಎಲ್ಲ ಈಚೆಗೆ ಬಂದವರು, ಅವನನ್ನು ಅರಿಯದವರು, ಹೊರಬಂದು, ಬರಲಿ ಬರಲಿ, ನಿಲ್ಲಲಿ, ಎಡಕ್ಕೆ ಎಂದು ಉಚಿತ ಸಲಹೆ ಕೊಟ್ಟರು. ಎದುರುಮನೆಯ ಬಾಲ್ಕನಿಯಲ್ಲಿ ಹಲ್ಲಿನ ಡಾಕ್ಟರು ಆಗಲೇ ನಿಂತಿದ್ದರು. ದೂರಿಗೆ ಮೊದಲು ಸಹಿ ಹಾಕಿದವರು ಅವರು. ಅವರು ಕೈಯೆತ್ತಿ, "ಅಂತೂ ಬಂದ್ರಲ್ಲ ಇನ್ಸ್‌ಪೆಕ್ಟರೇ" ಎಂದರು. ಅವನು ಹಲ್ಲು ಕಿರಿದ.

ತಪಾಸಣೆಯ ದಿನ ಆ ಬಾಲ್ಕನಿಯಲ್ಲಿ ಅವನೂ ನಿಂತಿದ್ದ. ಇಲ್ಲಿಂದ ನೋಡಿ, ಪೂರ್ತಿ ಕಾಣುತ್ತೆ ಎಂದು ಡಾಕ್ಟರು ಕರೆದುಕೊಂಡು ಹೋಗಿದ್ದರು. ತಾನು ಹುಟ್ಟಿದ ಅಂಗಳವನ್ನು ಅವನು ಮೇಲಿನಿಂದ ನೋಡಿದ್ದು ಅದೇ ಮೊದಲು. ಅಷ್ಟು ಸಣ್ಣದು! ತುಕ್ಕು ಹಿಡಿದ ಕಾಲುಗಳು ಒಂದರೊಳಗೊಂದು ಸಿಕ್ಕಿಕೊಂಡು ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಹೇಳಲಾಗದ ಹಾಗಿತ್ತು. ಅದರ ನಡುವಿನ ಒಂದಿಷ್ಟು ಜಾಗದಲ್ಲಿ ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. "ಆ ಹೆಂಗಸಿಗೆ ಇಲ್ಲಿ ಸ್ವಲ್ಪ" ಎಂದು ಡಾಕ್ಟರು ಹಣೆಯ ಪಕ್ಕ ಬೆರಳು ತಿರುವಿ ತೋರಿಸಿದರು, "ಕುರ್ಚಿಗಳ ಜೊತೆ ಮಾತಾಡ್ತಾಳೆ ಅಂತಾರೆ ಮಕ್ಕಳು." ಆಗ ಅವನು ನಕ್ಕಿದ್ದ. ಗಂಟಲಿನಿಂದ ಬಂದ, ಒಳ್ಳೆಯ, ದುಂಡನೆಯ ನಗು. ನಕ್ಕು, ಅಕ್ಕ ತಲೆಯೆತ್ತಿಯಾಳೆಂದು ಕಂಬದ ಮರೆಗೆ ಸರಿದಿದ್ದ. ಡಾಕ್ಟರ ಮೇಲೆ ಸಿಟ್ಟಾದರೂ ಮಾಡೋಣವೆಂದರೆ ಅದಕ್ಕೂ ಆಸ್ಪದವಿರಲಿಲ್ಲ. ಒಳಗೆ ಸೋಫಾದ ಮೇಲೆ ಅವರ ಮಗಳು ಮಲಗಿದ್ದಳು, ಆಸ್ಪತ್ರೆಯಿಂದ ಬಂದು ವಾರವಾಗಿತ್ತಷ್ಟೇ. ಸೊಳ್ಳೆಯಿಂದ ಬರುವ ಜ್ವರ, ರಕ್ತ ಕೊಡಬೇಕಾಯಿತಂತೆ. ನಗುನಗುತ್ತ ಮಾತಾಡುತ್ತಿದ್ದ ಮನುಷ್ಯ ಒಳಹೋಗಿ ಮಗಳ ಹೊದಿಕೆ ಸರಿಮಾಡಿದರು. "ಉಳೀತಾಳೆ ಅಂತ ನಾವು ಅಂದ್ಕೊಂಡಿರಲಿಲ್ಲ" ಎಂದರು. ದೂರು ನ್ಯಾಯವಾದದ್ದು. ಅದೇ ಅವನ ಸಂಕಟ. ಎಲ್ಲರ ಕಡೆಯೂ ನ್ಯಾಯವಿತ್ತು, ಅವನೊಬ್ಬನನ್ನು ಬಿಟ್ಟು.

"ಬಾಗಿಲು ತಟ್ಲಾ ಸಾರ್?" ಎಂದ ಕಂಟ್ರಾಕ್ಟರ್. "ಯಾರೂ ಇರಲ್ಲ" ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಅಕ್ಕ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಮಂಡಿನೋವು, ಇವತ್ತು ಅಂಗಡಿಗಳ ಕಡೆ ಹೋಗಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೊದಲು ಲಾರಿಯನ್ನು ನೋಡಿದಳು, ಆಳುಗಳನ್ನು ನೋಡಿದಳು, ಆಮೇಲೆ ಅವನನ್ನು.  ಈಗ ಕೇಳುತ್ತಾಳೆ, ಏನೋ ಇದು ಎಂದು. ಕೇಳಿದರೆ ಹೇಳಿಬಿಡುತ್ತೇನೆ ಎಂದು ಹಲ್ಲು ಕಚ್ಚಿ ನಿಂತ. ಅವಳ ಮುಖ ಅರಳಿತು. ಅಷ್ಟು ವರ್ಷಗಳಲ್ಲಿ ಆ ಮುಖ ಹಾಗೆ ಅರಳಿದ್ದನ್ನು ಅವನು ಕಂಡಿರಲಿಲ್ಲ. "ಗುಂಡಾ!" ಎಂದಳು. "ಆರ್ಡರ್ ತಂದುಬಿಟ್ಯಾ? ಮೊದಲೇ ಒಂದು ಮಾತು ಹೇಳಬಾರದಾ, ಎಲ್ಲಾ ತೊಳೆದು ಇಡ್ತಿದ್ದೆ." ಕಂಟ್ರಾಕ್ಟರನು, ತಾನು ಮಾಡಬೇಕಾದ ಜಗಳ ತಪ್ಪಿದ್ದಕ್ಕೆ ಖುಷಿಯಾಗಿ, "ಕುರ್ಚಿ ತಗೊಂಡು ಹೋಗೋಕೆ ಬಂದಿದೀವಮ್ಮ" ಎಂದ. "ಎಷ್ಟು ಬೇಕು?" "ಎಲ್ಲಾ." "ಎಲ್ಲಾನಾ?" ಅಕ್ಕ ತಮ್ಮನ ಕಡೆ ತಿರುಗಿದಳು. "ಅಷ್ಟು ಜನ ಬರ್ತಾರೇನೋ?" ಅವನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದ. "ಬರ್ತಾರೆ ಬರ್ತಾರೆ" ಎಂದು ಕಂಟ್ರಾಕ್ಟರನೇ ನಕ್ಕ, ಆಳುಗಳೂ ನಕ್ಕರು. ಅಕ್ಕನೂ ನಕ್ಕಳು.

ಆಮೇಲೆ ನಡೆದದ್ದು ಅವನು ನಿಂತಲ್ಲೇ ನಿಂತು ನೋಡಿದ್ದು. ಅಕ್ಕ ಒಳಗೆ ಹೋಗಿ ಬಕೆಟ್ಟು, ಹಳೇ ಬಟ್ಟೆ ತಂದಳು. ಆಳುಗಳು ಬಳ್ಳಿ ಕಿತ್ತು ಎಳೆದ ಪ್ರತಿ ಕುರ್ಚಿಯನ್ನೂ, ತಡಿ ತಡಿ ಎಂದು ಕೈಯಿಂದ ಇಸಕೊಂಡು, ನಿಂತ ನೀರು ಚೆಲ್ಲಿ, ಸೀಟು ಒರೆಸಿ, ಬೆನ್ನು ಒರೆಸಿ, ತೆರೆದು ಮಡಚಿ ನೋಡಿ ಆಮೇಲೆ ಲಾರಿಯವನಿಗೆ ಕೊಟ್ಟಳು. "ಇದು ಬೇಡ, ಕಾಲು ಸೊಟ್ಟಗಿದೆ, ಯಾರಾದ್ರೂ ದೊಡ್ಡ ಮನುಷ್ಯರು ಕೂತು ಬಿದ್ದರೆ ನಮ್ಮ ಹೆಸರು ಕೆಡುತ್ತೆ." "ಇರಲಿ ಕೊಡಿ ಅಮ್ಮ." "ಹಂಗಾದರೆ ಹಿಂದಿನ ಸಾಲಿಗೆ ಹಾಕಿ." ಲಾರಿಯ ಮೇಲೆ ನಿಂತವನು ಕುರ್ಚಿಯನ್ನು ದಡಾರನೆ ಎಸೆದಾಗ ಅವಳು ಗದರಿದಳು: "ನಿಧಾನವಾಗಿ ಇಡಪ್ಪಾ, ಬಣ್ಣ ಕಿತ್ತುಹೋಗುತ್ತೆ." ಬಣ್ಣ ಎಲ್ಲಿತ್ತು ಕಿತ್ತುಹೋಗಲು. ಆದರೂ ಆ ಆಳು ಎರಡನೆಯದನ್ನು ನಿಧಾನವಾಗಿ ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಆಳುಗಳೆಲ್ಲ ಅವಳ ಮಾತಿನಂತೆ ನಡೆಯತೊಡಗಿದರು. ಬೆನ್ನು ಬೆನ್ನಿಗೆ, ಕಾಲು ಕಾಲಿಗೆ ಸೇರಿಸಿ ಸಾಲಾಗಿ ಒಟ್ಟುವುದನ್ನು ಅವಳು ಕೆಳಗಿನಿಂದಲೇ ಕೈಸನ್ನೆಯಲ್ಲಿ ಹೇಳಿಕೊಟ್ಟಳು. ಮಂಡಿನೋವು ಎಲ್ಲಿ ಹೋಯಿತೋ. ಹೇಳು, ಈಗ ಹೇಳು ಎಂದು ಅವನು ತನ್ನನ್ನು ದೂಡಿದ. ಈ ಸಾಲು ಮುಗಿಯಲಿ. ಈ ಕಂಟ್ರಾಕ್ಟರ್ ಆಚೆ ಹೋಗಲಿ ಎಂದು ಮುಂದೂಡಿದ. ಒಂದು ಕುರ್ಚಿಯ ಕಂಬಿಗೆ ಅವಳ ಬೆರಳು ಸಿಕ್ಕಿ ರಕ್ತ ಬಂತು. ಅವನು ಕರ್ಚೀಫು ತೆಗೆಯುವಷ್ಟರಲ್ಲಿ ಅವಳು ಬೆರಳನ್ನು ಬಾಯಿಗಿಟ್ಟು ಚೀಪಿ ಮತ್ತೆ ಒರೆಸತೊಡಗಿದಳು.

ಕಂಟ್ರಾಕ್ಟರನು ಅವನ ಹತ್ತಿರ ಬಂದು ದನಿ ತಗ್ಗಿಸಿದ. "ಏನ್ ಸಾರ್, ಈಯಮ್ಮ ಒರೆಸಿ ಒರೆಸಿ ಕೊಡ್ತಿದಾರೆ. ಇಂಥ ಮನೆ ನಾನು ನೋಡೇ ಇಲ್ಲ ಸಾರ್. ಗುಂಡ ಅಂದ್ರಲ್ಲ, ಗೊತ್ತಿರೋರಾ?" ಪ್ರಶ್ನೆ ಸರಳವಾಗಿತ್ತು. ಅಕ್ಕ ಮೂರು ಮಾರು ದೂರದಲ್ಲಿ ಬಗ್ಗಿ ಬಟ್ಟೆ ಹಿಂಡುತ್ತಿದ್ದಳು. ಅವನು ಫೈಲನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿ, "ಹಳೇ ಪರಿಚಯ" ಎಂದ. ಬಟ್ಟೆ ಹಿಂಡುವ ಕೈ ನಿಂತಿತು. ಅವಳು ಕೇಳಿಸಿಕೊಂಡಿದ್ದಳು. ಅವನು ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಿದ್ದಾಗ ಅಕ್ಕ ಬಕೆಟ್ ಹಿಡಿದುಕೊಂಡು ಅವನ ಪಕ್ಕದಲ್ಲೇ ಹಾದುಹೋಗುತ್ತ, ತಲೆಯೆತ್ತದೆ, ಪಿಸುದನಿಯಲ್ಲಿ, "ಸರಿಯಾಗೇ ಹೇಳ್ದೆ ಬಿಡು. ಸ್ವಂತದೋರಿಗೆ ಆರ್ಡರ್ ಕೊಡಿಸ್ದ ಅಂತ ನಾಳೆ ಯಾರೂ ನಿನ್ನ ಮೇಲೆ ಬೆರಳು ತೋರಿಸಬಾರದು" ಎಂದಳು. ಎಂದು, ಕಣ್ಣು ಮಿಟುಕಿಸಿದಳು ಕೂಡ. ಚಿಕ್ಕಂದಿನಲ್ಲಿ ಅಪ್ಪನಿಗೆ ಗೊತ್ತಾಗದಂತೆ ಅವನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಾಗ ಹೀಗೇ ಮಿಟುಕಿಸುತ್ತಿದ್ದಳು. ಅವನು ಗೋಡೆಗೆ ಒರಗಿದ. ಅಳು ಬಂದರೆ ಅತ್ತಾದರೂ ಬಿಡಬಹುದಿತ್ತು, ಬಂದದ್ದು ತೇಗು. ಬೆಳಗಿನ ತಿಂಡಿಯ ಹುಳಿ.

ಅಂಗಳ ಬರಿದಾಗುತ್ತ ಬಂತು. ಕುರ್ಚಿಗಳ ಅಡಿಯಿಂದ ಅವನಿಗೆ ಮರೆತೇಹೋಗಿದ್ದ ನೆಲ ಎದ್ದು ಬಂತು, ಒಡೆದ ಕಲ್ಲುಹಾಸು, ಒಂದು ಮೂಲೆಯಲ್ಲಿ ನೀರಿನ ತೊಟ್ಟಿ. ಅದರ ಕಟ್ಟೆಯ ಮೇಲೆ ಅಕ್ಕ ಅವನನ್ನು ಕೂರಿಸಿ ಶಾಲೆಗೆ ಹೋಗುವ ಮೊದಲು ಮೊಣಕಾಲು ಉಜ್ಜಿ ತೊಳೆಯುತ್ತಿದ್ದಳು, ಚರ್ಮ ಕಿತ್ತುಬರುವ ಹಾಗೆ. ಇಲಿಗಳು ದಿಕ್ಕುಗೆಟ್ಟು ಓಡಿದವು, ಓಣಿಯ ಹೆಂಗಸರು ಕಿರುಚಿದರು. ತೊಟ್ಟಿಯಲ್ಲಿ ಕಪ್ಪುನೀರಿನ ಮೇಲೆ ಸೊಳ್ಳೆಯ ಹುಳುಗಳು ಪಿತಪಿತ ಎನ್ನುತ್ತಿದ್ದವು. ಇಷ್ಟೊಂದು! ಈ ನೀರಿನಿಂದಲೇ ಹಾರಿಹೋಗಿ ಆ ಮಗುವನ್ನು ಕಚ್ಚಿತೇನೋ. ಒಬ್ಬ ಆಳು ತೊಟ್ಟಿಯ ನೀರನ್ನು ಮೊಗೆದು ಚೆಲ್ಲಿದ. ಒಳ್ಳೆಯದೇ ಆಯಿತು, ನಿಜವಾಗಿ ಒಳ್ಳೆಯ ಕೆಲಸವೇ ಇದು ಎಂದು ಅವನು ತನಗೆ ಹೇಳಿಕೊಂಡ. ಒಳ್ಳೆಯ ಕೆಲಸವಾದರೆ ಯಾಕೆ ಹೀಗೆ ಕಳ್ಳನ ಹಾಗೆ ನಿಂತಿದ್ದೇನೆ? ಒಳಗಿನಿಂದ ಅಕ್ಕ ಹೊರಬಂದಳು. ಮುಖ ತೊಳೆದು, ತಲೆ ಬಾಚಿ, ಪೆಟ್ಟಿಗೆಯ ಅಡಿಯಿಂದ ತೆಗೆದ ಬಟ್ಟೆ ಉಟ್ಟಿದ್ದಳು. ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಬಾಗಿಲಿಗೆ ಬೀಗ ಹಾಕಿದಳು.

"ಎಲ್ಲಿಗೆ?" ಎಂದ ಅವನು. "ಎಲ್ಲಿಗೆ ಅಂದ್ರೆ? ಲೋಡಿನ ಜೊತೆ ಮನೆಯವರೊಬ್ಬರು ಹೋಗದೆ ಇರೋಕಾಗುತ್ತಾ?" ಎನ್ನುತ್ತ ಅವಳು ಡ್ರೈವರನ ಪಕ್ಕದ ಬಾಗಿಲು ತೆರೆದು, ಒಂದು ಕೈಯಲ್ಲಿ ಕಂಬಿ ಹಿಡಿದು, ನೋಯುವ ಕಾಲನ್ನು ಇನ್ನೊಂದು ಕೈಯಿಂದ ಎತ್ತಿಟ್ಟು, ಹತ್ತಿ ಕೂತಳು. ಅಪ್ಪನ ಕಟ್ಟುನಿಟ್ಟು ಅದು. ಆಳುಗಳ ಮೇಲೆ ಬಿಟ್ಟರೆ ಕುರ್ಚಿಗಳು ಬೇರೆಯವರ ಕುರ್ಚಿಗಳ ಜೊತೆ ಬೆರೆತುಹೋಗುತ್ತವೆ, ಹ್ಯಾಗೆ ಹ್ಯಾಗೋ ಹಾಕುತ್ತಾರೆ. ಮನೆಯ ಒಬ್ಬರು ಲಾರಿಯಲ್ಲೇ ಹೋಗಿ, ಇಳಿಸಿ, ಸಾಲು ಹಾಕಿಸಿ, ಮುಗಿದ ಮೇಲೆ ತುಂಬಿಸಿಕೊಂಡೇ ಬರಬೇಕು. ಎಷ್ಟೋ ಮದುವೆಗಳಲ್ಲಿ ಅವನೂ ಅಕ್ಕನೂ ಜನರೆಲ್ಲ ಎದ್ದುಹೋಗುವ ತನಕ ಗೋಡೆಗೆ ಒರಗಿ ಕಾದದ್ದುಂಟು. "ಡ್ರೈವರಪ್ಪ, ಹಾಲ್ ದೂರಾನಾ?" ಎಂದು ಅವಳು ಕೇಳುತ್ತಿದ್ದಳು. ಡ್ರೈವರನು ಕನ್ನಡಿಯಲ್ಲಿ ಕಂಟ್ರಾಕ್ಟರನನ್ನು ನೋಡಿದ, ಕಂಟ್ರಾಕ್ಟರನು ಅವನನ್ನು ನೋಡಿದ. ಕಸದ ಗುಡ್ಡದ ದಾರಿ ಅವನ ಕಣ್ಣಮುಂದೆ ಬಂತು. ತೂಕದ ಯಂತ್ರ, ನಾತ, ಮೇಲೆ ಸುತ್ತುವ ಹದ್ದುಗಳು, ಅಲ್ಲಿ ಒಳ್ಳೆಯ ಬಟ್ಟೆ ಉಟ್ಟು ಇಳಿದು, ಸಾಲು ಎಲ್ಲಿಂದ ಶುರು ಮಾಡೋಣ ಎಂದು ಕೇಳುವ ಅಕ್ಕ. ಇನ್ನು ಆಗುವುದಿಲ್ಲ ಎನ್ನಿಸಿತು. ಲಾರಿಯ ಬಾಗಿಲಿಗೆ ಕೈಯಿಟ್ಟು ಅವನು ಹೇಳಿದ. ಮೆಲ್ಲಗೆ, ಒಂದೇ ಉಸಿರಿಗೆ. "ಅಕ್ಕ, ಇದು ಆರ್ಡರ್ ಅಲ್ಲ. ದೂರು ಬಂದಿದೆ. ಇದನ್ನೆಲ್ಲ ಕಸಕ್ಕೆ ಹಾಕ್ತಾರೆ. ನಾನೇ ನೋಟಿಸ್ ಹಾಕಿದ್ದು. ಮುಂದಿನ ಗೇಟಿಗೆ."

ಅಕ್ಕ ಅವನನ್ನು ನೋಡಲಿಲ್ಲ. ಎದುರಿನ ಗಾಜನ್ನು ನೋಡುತ್ತ ಕೂತಳು. ಇಂಜಿನ್ ಗುರುಗುಟ್ಟುತ್ತಿತ್ತು, ಹಿಂದೆ ಕುರ್ಚಿಗಳು ಸಣ್ಣಗೆ ಕಟಕಟ ಎನ್ನುತ್ತಿದ್ದವು. ಅವಳು ಮಡಿಲಲ್ಲಿದ್ದ ಕೈಯನ್ನು ತಿರುಗಿಸಿ ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳುಗಳನ್ನು, ಗಾಯವಾದ ಬೆರಳನ್ನು ನೋಡಿಕೊಂಡಳು. "ಮೊದಲೇ ಹೇಳಿದ್ದಿದ್ರೆ ಒರೆಸ್ತಿರಲಿಲ್ಲ ಕಣೋ" ಎಂದಳು. ಅಷ್ಟೇ. ಬೈಗುಳವಿರಲಿಲ್ಲ, ಅಳು ಇರಲಿಲ್ಲ. ಸುಮ್ಮನೆ ಒಂದು ಕೆಲಸ ದಂಡವಾಯಿತಲ್ಲ ಎನ್ನುವ ದನಿ. ಅವನಿಗೆ ಕೆನ್ನೆಗೆ ಹೊಡೆಸಿಕೊಳ್ಳಬೇಕೆನ್ನಿಸಿತು. "ಇಳಿ ಅಕ್ಕ" ಎಂದ. ಅವಳು ಅಲುಗಲಿಲ್ಲ. ಓಣಿಯ ಬಾಗಿಲುಗಳಲ್ಲಿ ಜನ ನಿಂತೇ ಇದ್ದರು. ಬಾಲ್ಕನಿಯಿಂದ ಡಾಕ್ಟರು, ಬೇರೆ ಏನು ಹೇಳಬೇಕೆಂದು ತಿಳಿಯದೆಯೋ ಏನೋ, "ಏನಮ್ಮಾ, ನೀವೂ ಹೊರಟ್ರಾ?" ಎಂದರು. ಅವರ ಪಕ್ಕದಲ್ಲಿ ಮಗಳು ಶಾಲು ಹೊದ್ದು ಕಂಬಿ ಹಿಡಿದು ನಿಂತಿದ್ದಳು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದಳು, ಆ ಹುಡುಗಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಇಡೀ ಓಣಿಗೆ ಕೇಳುವಂತೆ, "ಆರ್ಡರ್ ಬಂದಿದೆ ಡಾಕ್ಟರೇ" ಎಂದಳು. "ನಮ್ಮ ತಮ್ಮ ತಂದಿದಾನೆ. ಇವನೇ. ನಗರಸಭೆಯಲ್ಲಿ ದೊಡ್ಡ ಕೆಲಸ."

ಡಾಕ್ಟರು ಅವನನ್ನು ನೋಡಿದರು. ಎಲ್ಲರ ಬಾಯಿ ತೆರೆಸುವ ಆ ಮನುಷ್ಯನ ಬಾಯಿ ಅರ್ಧ ತೆರೆದೇ ಉಳಿಯಿತು. ತಾವು ಬೆರಳು ತಿರುವಿ ತೋರಿಸಿದ್ದು, ಇವನು ಗಂಟಲು ತುಂಬ ನಕ್ಕಿದ್ದು ಅವರಿಗೆ ನೆನಪಾಗುತ್ತಿರುವುದು ಕೆಳಗಿನಿಂದಲೇ ಕಾಣುತ್ತಿತ್ತು. ಕಂಟ್ರಾಕ್ಟರನು, "ಸಾರ್, ನಿಮ್ಮಕ್ಕಾನಾ ಸಾರ್?" ಎಂದ. "ಹೌದು, ನಮ್ಮಕ್ಕ" ಎಂದ ಅವನು. ಅಷ್ಟು ದಿನ ಹೊರಲಾರದೆ ಹೊತ್ತ ಮಾತು. ಹೇಳಿದ ಮೇಲೂ ಹಗುರವಾಗಲಿಲ್ಲ. ಅಕ್ಕ ಅವನ ಕಡೆ ಬಾಗಿ, ಅವನಿಗೆ ಮಾತ್ರ ಕೇಳುವಂತೆ, "ಒಬ್ಬರು ಹೋಗಲೇಬೇಕು. ನೀನು ಹೋಗ್ತೀಯಾ, ನಾನು ಹೋಗ್ಲಾ?" ಎಂದಳು. "ನಾನು ಹೋಗ್ತೀನಿ." ಅವಳು ಅವನ ಹೆಗಲ ಮೇಲೆ ಭಾರ ಬಿಟ್ಟು ಇಳಿದಳು. ಅವನು ಹತ್ತಿ ಕೂತ. ಸೀಟು ಅವಳು ಕೂತದ್ದರಿಂದ ಇನ್ನೂ ಬೆಚ್ಚಗಿತ್ತು. ಅವಳೇ ಬಾಗಿಲು ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಎಳೆದು ನೋಡಿದಳು. ಲಾರಿ ಓಣಿಯಿಂದ ಹೊರಳುವಾಗ, ಬೀಗ ಹಾಕಿದ ಬಾಗಿಲ ಮುಂದೆ ಒಳ್ಳೆಯ ಬಟ್ಟೆಯಲ್ಲಿ ನಿಂತ ಅಕ್ಕ ಎರಡು ಹೆಜ್ಜೆ ಮುಂದೆ ಬಂದು ಕೂಗಿದಳು:

"ಗುಂಡಾ, ವಾಪಸ್ ತರುವಾಗ ಎಣಿಸ್ಕೊಂಡು ಬಾರೋ!"

ಡ್ರೈವರನು ಗೇರಿನ ಮೇಲೆ ಕೈಯಿಟ್ಟು ಅವನ ಕಡೆ ತಿರುಗಿದ. ಬಾಗಿಲುಗಳಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಅವನು ಕಿಟಕಿಯಿಂದ ತಲೆ ಹೊರಹಾಕಿ, "ಹೂಂ ಅಕ್ಕ" ಎಂದ.